ಅದು ಯಾವ ದೇಶದ ಗ್ಯಾಲನ್ ಅಂತ ಮೊದಲು ನೋಡಿ

ಮಳೆಗಾಲ ಹತ್ತಿರವಾದರೆ ಕೊಡಗಿನ ಸೋಮವಾರಪೇಟೆ, ಸಿದ್ದಾಪುರ ಕಡೆಯ ಗೆಳೆಯರಿಂದ ನನಗೆ ಫೋಟೊಗಳು ಬರುತ್ತವೆ. ಅಮೆರಿಕದ ಸ್ಪ್ರೇ ಚಾರ್ಟ್‌ಗಳು. ಬೆಳೆಗೆ ಶಿಲೀಂಧ್ರ ರೋಗ ಬರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 10-10-100 ಅಂತ ಬರೆದಿರುತ್ತದೆ, ಅಂದರೆ 10 ಪೌಂಡ್ ಮೈಲುತುತ್ತು (ತಾಮ್ರದ ಸಲ್ಫೇಟ್), 10 ಪೌಂಡ್ ಸುಣ್ಣ, 100 ಗ್ಯಾಲನ್ ನೀರು. "ಅಜ್ಜನ ಕಾಲದ 5-5-50 ಕೂಡ ಇದೇ ಅಲ್ವಾ? ಎರಡರಷ್ಟು ಮಾಡಿದ್ದಾರೆ ಅಷ್ಟೇ" ಅಂತ ಕೇಳುತ್ತಾರೆ.

ಅಲ್ಲ. ಎರಡರ ನಡುವೆ ನೂರಕ್ಕೆ ಇಪ್ಪತ್ತರಷ್ಟು ವ್ಯತ್ಯಾಸ ಇದೆ. ನಾನು ಈಗಿರುವ ಅಮೆರಿಕದ ವರ್ಮಾಂಟ್‌ನಲ್ಲಿ ಇದು ದಿನನಿತ್ಯದ ವಿಷಯ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪೌಂಡ್‌ನಲ್ಲಿ ತಕರಾರಿಲ್ಲ. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮುಂತಾದ ದೇಶಗಳು ಒಪ್ಪಿಕೊಂಡ ಮೇಲೆ ಎಲ್ಲ ಕಡೆಯೂ ಅದು 0.45359237 ಕಿಲೋ. ಗ್ಯಾಲನ್ ಮಾತ್ರ ಎರಡು. ಅಮೆರಿಕ ಇಂಗ್ಲೆಂಡಿನ ಹಳೇ ವೈನ್ ಗ್ಯಾಲನ್ನನ್ನೇ ಉಳಿಸಿಕೊಂಡಿತು: 231 ಘನ ಇಂಚು, ಅಂದರೆ 3.785 ಲೀಟರ್. ಬ್ರಿಟನ್ 1824ರಲ್ಲಿ ಹೊಸದು ಮಾಡಿತು. ಹತ್ತು ಪೌಂಡ್ ನೀರು ಹಿಡಿಯುವ ಜಾಗವೇ ಒಂದು ಗ್ಯಾಲನ್ ಅಂತ. ಅದು 4.546 ಲೀಟರ್. ಕೊಡಗಿನ ತೋಟಗಳಿಗೆ ಬಂದದ್ದು ಈ ಇಂಪೀರಿಯಲ್ ಗ್ಯಾಲನ್ನೇ. ಇವತ್ತಿಗೂ ನಾವು ಮಳೆಯನ್ನು ಇಂಚು, ಸೆಂಟಿನಲ್ಲಿ (ಇಂಚಿನ ನೂರನೇ ಒಂದು ಭಾಗ) ಹೇಳುತ್ತೇವಲ್ಲ, ಅದೂ ಅದೇ ಕಾಲದ ಬಳುವಳಿ.

ಊರಲ್ಲಿ ಕಾಫಿ ಹೂವರಳಿಸುವ ಹೂಮಳೆಗೆ ಕಾಯುವ ಹೊತ್ತಿಗೆ ಇಲ್ಲಿ ಮೇಪಲ್ ಮರಗಳಿಂದ ರಸ ಇಳಿಸುತ್ತಾರೆ. ಹೆಚ್ಚುಕಡಿಮೆ ನಲವತ್ತು ಗ್ಯಾಲನ್ ರಸ ಕುದಿಸಿದರೆ ಒಂದು ಗ್ಯಾಲನ್ ಪಾಕ. ಕೊಡಗಿನ ಹುಳಿರಸ ಕಾಚಂಪುಳಿ ಕಾಯಿಸುವ ಹಾಗೇ, ಒಲೆ ಮುಂದೆ ತಾಳ್ಮೆಯಿಂದ ನಿಲ್ಲಬೇಕು. ಹದ ಬಂದಿದೆಯೇ ಅಂತ ತಿಳಿಯುವುದು ಸಾಂದ್ರತೆಯಿಂದ. ಇಲ್ಲಿ ಒಂದು ಗ್ಯಾಲನ್ ಪಾಕ ಸುಮಾರು 11 ಪೌಂಡ್ ತೂಗುತ್ತದೆ. ಗಡಿಯಾಚೆ ಕೆನಡಾದಲ್ಲಿ ಈಗ ಲೀಟರ್ ಇದೆ. ಅವರ ಹಳೇ ಗ್ಯಾಲನ್ ಲೆಕ್ಕದಲ್ಲಿ ಅದೇ ಪಾಕ 13 ಪೌಂಡ್ ದಾಟುತ್ತದೆ. ಪಾಕ ಅಷ್ಟೇ ಗಟ್ಟಿ, ಪಾತ್ರೆ ದೊಡ್ಡದು.

ಲೆಕ್ಕ ಸುಲಭ. ಅಮೆರಿಕದ ಗ್ಯಾಲನ್ನಿಗೆ ಇಷ್ಟು ಪೌಂಡ್ ಅಂತ ಇದ್ದರೆ 1.2ರಿಂದ ಗುಣಿಸಿ, ಇಂಪೀರಿಯಲ್ ಲೆಕ್ಕ ಸಿಗುತ್ತದೆ. ವಾಪಸ್ ಬರಲು 0.833ರಿಂದ ಗುಣಿಸಿ. ಲೀಟರಿಗೆ ಎಷ್ಟು ಕಿಲೋ ಅಂತ ಬೇಕಾದರೆ ಇಂಪೀರಿಯಲ್ ಅಂಕಿಯನ್ನು ಹತ್ತರಿಂದ ಭಾಗಿಸಿದರೆ ಸಾಕು, ಅಮೆರಿಕದ್ದನ್ನು 0.12ರಿಂದ ಗುಣಿಸಬೇಕು. ಭಾಗಮಂಡಲದ ಜೇನನ್ನೇ ತೆಗೆದುಕೊಳ್ಳಿ. ಒಳ್ಳೇ ಜೇನು ಲೀಟರಿಗೆ ಸುಮಾರು 1.42 ಕಿಲೋ. ಇಂಪೀರಿಯಲ್ ಗ್ಯಾಲನ್ನಿಗೆ 14.2 ಪೌಂಡ್, ಅಮೆರಿಕದ ಗ್ಯಾಲನ್ನಿಗೆ 11.85. ಘನ ಅಡಿಗೆ ಇಷ್ಟು ಪೌಂಡ್ ಅಂತ ಬರೆದಿದ್ದರೆ ಏನೂ ಬದಲಿಸಬೇಕಿಲ್ಲ. ಅಡಿ ಎರಡೂ ಕಡೆ ಒಂದೇ. ನೀರು ಅಲ್ಲೂ 62.4, ಇಲ್ಲೂ 62.4.

ಈಗ ಬೋರ್ಡೋಗೆ ಬರೋಣ. 50 ಇಂಪೀರಿಯಲ್ ಗ್ಯಾಲನ್ ನೀರು 500 ಪೌಂಡ್. ಅದಕ್ಕೆ 5 ಪೌಂಡ್ ಮೈಲುತುತ್ತು ಅಂದರೆ ಸರಿಯಾಗಿ ಶೇಕಡಾ 1. ಅಮೆರಿಕದ 100 ಗ್ಯಾಲನ್ ನೀರು ಬರೀ 834 ಪೌಂಡ್. ಅದಕ್ಕೆ 10 ಪೌಂಡ್ ಹಾಕಿದರೆ ಶೇಕಡಾ 1.2 ಆಗುತ್ತದೆ. ನಮ್ಮ 200 ಲೀಟರ್ ಡ್ರಮ್ಮಿಗೆ 2 ಕಿಲೋ ಬದಲು 2.4 ಕಿಲೋ. ಕರಿಮೆಣಸಿಗೆ ಶೇಕಡಾ 1 ಸಾಕು, ಕಾಫಿ ಎಲೆ ತುಕ್ಕಿಗೆ ಅರ್ಧವೇ ಸಾಕು. ಹೆಚ್ಚಾದ ತಾಮ್ರ ಮಳೆಗೆ ತೊಳೆದು ಮಾಯವಾಗುವುದಿಲ್ಲ, ಮಣ್ಣಿನಲ್ಲೇ ಕೂರುತ್ತದೆ. ವರ್ಷ ವರ್ಷ ಹೊಡೆಯುವ ತೋಟದಲ್ಲಿ ಇದು ಸಣ್ಣ ಮಾತಲ್ಲ. ನನಗೆ ನಿಜವಾಗಿ ಚಿಂತೆ ಇರುವುದು ಇಲ್ಲೇ.

ದ್ರವದ ಔನ್ಸ್ ಬಂದರೆ ಇನ್ನೂ ಜಾಸ್ತಿ ಎಚ್ಚರ ಬೇಕು. ಅಲ್ಲಿ ಲೆಕ್ಕ ತಿರುವುಮುರುವು. ಇಂಪೀರಿಯಲ್ ಗ್ಯಾಲನ್ ದೊಡ್ಡದಾದರೂ ಅದರ ಔನ್ಸ್ ಚಿಕ್ಕದು, 28.4 ಮಿಲಿ. ಅಮೆರಿಕದ್ದು 29.6 ಮಿಲಿ. ಒಂದರಲ್ಲಿ ಗ್ಯಾಲನ್ನಿಗೆ 160 ಔನ್ಸ್, ಇನ್ನೊಂದರಲ್ಲಿ 128.

ಆದ್ದರಿಂದ ಚಾರ್ಟ್ ಕಳಿಸುವಾಗ ಆ ಒಂದು ಸಾಲು ಮಾತ್ರ ಸಾಲದು. ಮೊದಲ ಪುಟದ ಫೋಟೊನೂ ಕಳಿಸಿ. ಎಲ್ಲಿ, ಯಾವಾಗ ಅಚ್ಚಾಗಿದೆ ಅಂತ ಗೊತ್ತಾದರೆ ಲೀಟರಿಗೆ ಎಷ್ಟು ಗ್ರಾಂ ಅಂತ ಲೆಕ್ಕ ಮಾಡಿ ಅದೇ ದಿನ ತಿಳಿಸುತ್ತೇನೆ.