ಸ್ಟಾರ್ ಟ್ರೆಕ್‌ನ ಕಟ್ಟಕಡೆಯ ಕಂತು

ಮೂಲ ಸ್ಟಾರ್ ಟ್ರೆಕ್ ಧಾರಾವಾಹಿಯ ಕೊನೆಯ ಕಂತನ್ನು ಮತ್ತೆ ನೋಡಿದೆ. 1969ರ ಜೂನ್ 3ರಂದು ಪ್ರಸಾರವಾದದ್ದು. ಎರಡು ತಿಂಗಳೊಳಗೆ ಮನುಷ್ಯ ಚಂದ್ರನ ಮೇಲೆ ಇಳಿದಿದ್ದ. ಇಲ್ಲಿ ಜಾನಿಸ್ ಲೆಸ್ಟರ್ ಎಂಬ ವಿಜ್ಞಾನಿ ಅಂತರಿಕ್ಷ ನೌಕೆಯ ಕ್ಯಾಪ್ಟನ್ ಕರ್ಕ್‌ನ ದೇಹವನ್ನೇ ಕದಿಯುತ್ತಾಳೆ. ಹೆಣ್ಣಿಗೆ ನೌಕೆಯ ನಾಯಕತ್ವ ಸಿಗದು ಎಂಬುದು ಅವಳ ಸಿಟ್ಟು. ನ್ಯಾಯವಾದ ಸಿಟ್ಟೇ. ಆದರೆ ಕಥೆ ಅವಳನ್ನು ಹುಚ್ಚಿಯೆಂದು ಷರಾ ಬರೆದು ಕೈತೊಳೆದುಕೊಳ್ಳುತ್ತದೆ. ನೌಕೆಯ ಸಂಪರ್ಕ ಅಧಿಕಾರಿಣಿ ಉಹುರಾ ಈ ಕಂತಿನಲ್ಲಿ ಇಲ್ಲವೇ ಇಲ್ಲ, ಅದೊಂದು ಬೇರೆ ಸಂಕಟ. ವಿಚಾರಣೆಯ ದೃಶ್ಯದಲ್ಲಿ ಮೇಜು ಗುದ್ದಿ ಕಿರುಚುವ, ಕರ್ಕ್ ಪಾತ್ರಧಾರಿ ಶಾಟ್ನರ್‌ನಿಂದ ಮಾತ್ರ ಕಣ್ಣು ಕೀಳಲಾಗಲಿಲ್ಲ. ಅತಿಯಾಯಿತು, ಆದರೂ ಹಿಡಿದು ಕೂರಿಸುತ್ತಾನೆ. ಮೂರು ವರ್ಷ ಜೊತೆಗಿದ್ದ ಪ್ರೇಕ್ಷಕರಿಗೆ ವಿದಾಯದ ಒಂದು ಮಾತೂ ಇಲ್ಲ. ನನ್ನ ಲೆಕ್ಕದಲ್ಲಿ ಹತ್ತಕ್ಕೆ ನಾಲ್ಕು, ಅದರಲ್ಲಿ ಮೂರು ಶಾಟ್ನರ್‌ನ ಪಾಲು.