ಕಾಶಿಯಿಂದ ಊರಿಗೆ, ಕೊನೆಯ ಹಗಲು

18 ದಿನಗಳ ಕಾಶಿ, ಪ್ರಯಾಗ, ಗಯಾ ಯಾತ್ರೆ ಮುಗಿಸಿ ನಿನ್ನೆ ರಾತ್ರಿ ಅಮ್ಮನೊಂದಿಗೆ ಮಂಗಳೂರು ತಲುಪಿದೆ. ಅಷ್ಟು ದಿನ ಎಲ್ಲಿಯೂ ಕಾಣದ ಆತಂಕವನ್ನು ಕೊನೆಯ ಹಗಲು ತೋರಿಸಿತು. ಬೆಂಗಳೂರಿನಿಂದ ಹೊರಟ ನಮ್ಮ ಬಸ್ಸು ಬೆಳಗಿನ ಜಾವ ಸಕಲೇಶಪುರ ದಾಟುತ್ತಿದ್ದಂತೆ ನಿಂತಿತು; ಮುಂದೆ ಶಿರಾಡಿ ಘಾಟಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 75ರ ಮೇಲೆ, ರಾತ್ರಿಯ ಮಳೆಗೆ ಗುಡ್ಡ ಕುಸಿದಿತ್ತು. ಕಡಿದಾಗಿ ಕತ್ತರಿಸಿದ ಗುಡ್ಡದ ಮಣ್ಣು ನೀರು ಕುಡಿದು ಭಾರವಾದಾಗ ಹೀಗೆ ಜಾರುವುದು ಕರಾವಳಿಯವರಾದ ನಮಗೆ ಹೊಸತಲ್ಲ, ಆದರೆ ಸಕ್ಕರೆ ಕಾಯಿಲೆಯಿರುವ ವಯಸ್ಸಾದ ತಾಯಿ ಪಕ್ಕದಲ್ಲಿ ಕುಳಿತಿರುವಾಗ ಆ ತಿಳಿವಳಿಕೆಯಿಂದ ಧೈರ್ಯ ಬರುವುದಿಲ್ಲ. ಬದಲಿ ದಾರಿಯಾದ ಚಾರ್ಮಾಡಿ ಘಾಟಿಯ ಕಿರಿದಾದ ತಿರುವುಗಳಲ್ಲಿ ಅಷ್ಟು ದೊಡ್ಡ ಬಸ್ಸು ಹೋಗುವಂತಿರಲಿಲ್ಲ.

9 ಗಂಟೆ ಕಾದೆವು. ಊಟವಿಲ್ಲದೆ ಇನ್ಸುಲಿನ್ ಕೊಟ್ಟರೆ ಸಕ್ಕರೆ ಇಳಿಯುವ ಭಯ, ಕೊಡದಿದ್ದರೆ ಏರುವ ಭಯ. ಹಿಂದಿನ ಸೀಟಿನಲ್ಲಿದ್ದ ಪುತ್ತೂರಿನ ಹೆಂಗಸೊಬ್ಬರು ತಮ್ಮ ಬುತ್ತಿಯಿಂದ ಎರಡು ಚಪಾತಿ ತೆಗೆದು ಅಮ್ಮನ ಕೈಗಿಟ್ಟು, “ಇದನ್ನು ತಿನ್ನಿ ಅಮ್ಮ, ಮದ್ದು ತಪ್ಪಿಸುವುದು ಬೇಡ” ಎಂದರು. ವಿಶ್ವನಾಥನ ಮುಂದೆ ನಿಂತಾಗಲೂ ತುಂಬದ ನನ್ನ ಕಣ್ಣು ಆಗ ತುಂಬಿತು.

ಅಮ್ಮ ದಿನವಿಡೀ ಮಡಿಲಿನಿಂದ ಇಳಿಸದ ಗಂಗೆಯ ತಾಮ್ರದ ಗಿಂಡಿ ಈಗ ದೇವರ ಕೋಣೆಯಲ್ಲಿದೆ. ಅದರ ಬಾಯಿಗೆ ಮೆತ್ತಿದ ಅರಗಿನ ಮೇಲೆ ಅವರ ಹೆಬ್ಬೆರಳಿನ ಗುರುತು ಹಾಗೆಯೇ ಉಳಿದಿದೆ.