ಎರಡನೇ ಗೇರಿನ ಕರಕರ

ಚಾರ್ಮಾಡಿ ಘಾಟಿಯಲ್ಲಿ ಓಡಾಡುವವರಿಗೆ ಎರಡನೇ ಗೇರ್ ಇಲ್ಲದೆ ಗತಿಯಿಲ್ಲ. ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ತಿರುವಿಗೆ ಮುಂಚೆ ಮೂರರಿಂದ ಎರಡಕ್ಕೆ ಇಳಿಸಬೇಕು. ತಿರುವು ದಾಟಿ ಮೂರಕ್ಕೆ ಹಾಕುವಷ್ಟರಲ್ಲಿ ಮುಂದಿನ ತಿರುವು ಬಂದಿರುತ್ತದೆ. ಘಾಟಿ ಇಳಿಯುವಾಗಲೂ ಅದೇ ಗೇರ್. ಬ್ರೇಕ್ ಕಾಯದ ಹಾಗೆ ಗಾಡಿಯನ್ನು ಎಂಜಿನ್ನೇ ತಡೆದು ಹಿಡಿಯಬೇಕು. ಹಾಗಾಗಿ ನಮ್ಮ ಮಲೆನಾಡಿನ ಹಳೇ ಕಾರುಗಳಲ್ಲಿ ಎರಡನೇ ಗೇರ್ ಮೊದಲು ದಣಿಯುತ್ತದೆ ಅಂದರೆ ನನಗೇನೂ ಆಶ್ಚರ್ಯವಿಲ್ಲ.

ಬೆಳ್ತಂಗಡಿಯಲ್ಲಿ ಮದುವೆ ಮುಗಿಸಿ ಮೂಡಿಗೆರೆಗೆ ಹೊರಟಿದ್ದೆವು. ಮಳೆ ಜೋರಿತ್ತು. ಘಾಟಿಯ ಕೆಳಗಿನ ತಿರುವಿನಲ್ಲೇ ಎರಡಕ್ಕೆ ಹಾಕಲು ಹೋದರೆ ಕರ್ರ್ ಎಂದು ಸದ್ದು, ಲಿವರ್ ಅಂಗೈಯಲ್ಲೇ ನಡುಗಿತು. ಮುಂದಿನ ತಿರುವಿನಲ್ಲೂ ಅದೇ. ಪಕ್ಕದಲ್ಲಿ ಅಪ್ಪ ಕೂತಿದ್ದರು. ಅವರು ಸರ್ಕಾರಿ ಬಸ್ಸಿನ ಡ್ರೈವರ್ ಆಗಿ ನಿವೃತ್ತರಾದವರು.

"ಒತ್ತಬೇಡ ಮಗ. ಡಬಲ್ ಕ್ಲಚ್ ಹೊಡಿ. ಕ್ಲಚ್ ಒತ್ತಿ ನ್ಯೂಟ್ರಲ್ಲಿಗೆ ತಾ, ಕ್ಲಚ್ ಬಿಡು, ಒಂಚೂರು ರೇಸ್ ಕೊಡು. ಮತ್ತೆ ಒತ್ತಿ ಈಗ ಎರಡಕ್ಕೆ ಹಾಕು."

ಹಾಕಿದೆ. ಸದ್ದಿಲ್ಲದೆ ಕೂತಿತು.

ಅದು ಯಾಕೆ ಕೂತಿತು ಅನ್ನುವುದನ್ನು ಅಪ್ಪ ದಾರಿಯುದ್ದಕ್ಕೂ ಬಿಡಿಸಿ ಹೇಳಿದರು. ಮೂರನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುತ್ತಿದ್ದರೆ, ಅದೇ ವೇಗಕ್ಕೆ ಎರಡರಲ್ಲಿ ಹೆಚ್ಚುಕಡಿಮೆ 3,000 ಸುತ್ತು ಬೇಕು. ಗೇರ್‌ಬಾಕ್ಸಿನ ಒಳಗೆ ಈ ಎರಡು ವೇಗಗಳನ್ನು ಸರಿದೂಗಿಸುವ ಕೆಲಸ ಹಿತ್ತಾಳೆಯ ಒಂದು ಸಣ್ಣ ಉಂಗುರದ್ದು, ಸಿಂಕ್ರೊ ರಿಂಗ್. ಅದು ಮೊದಲು ಗೇರಿಗೆ ಉಜ್ಜಿ ಇಬ್ಬರ ವೇಗವನ್ನೂ ಒಂದು ಮಾಡುತ್ತದೆ, ಆಮೇಲೆ ಹಲ್ಲುಗಳು ಸೇರಿಕೊಳ್ಳುತ್ತವೆ. ಉಂಗುರ ಸವೆದರೆ ವೇಗ ಹೊಂದುವ ಮೊದಲೇ ಹಲ್ಲಿಗೆ ಹಲ್ಲು ಬಡಿಯುತ್ತದೆ. ನ್ಯೂಟ್ರಲ್ಲಿನಲ್ಲಿ ಕೊಡುವ ರೇಸ್ ಉಂಗುರದ ಆ ಕೆಲಸವನ್ನು ಕಾಲಿನಿಂದಲೇ ಮಾಡಿಬಿಡುತ್ತದೆ. ಸಿಂಕ್ರೊಮೆಶ್ ಅನ್ನುವ ಈ ಉಂಗುರದ ವ್ಯವಸ್ಥೆ 1928ರಲ್ಲೇ ಅಮೆರಿಕದ ಕ್ಯಾಡಿಲಾಕ್ ಕಾರಿಗೆ ಬಂದಿತ್ತು. ಅಪ್ಪ ಕೆಲಸಕ್ಕೆ ಸೇರಿದಾಗ ಅವರ ಕೈಗೆ ಸಿಕ್ಕ ಬಸ್ಸುಗಳಲ್ಲಿ ಅದು ಇರಲಿಲ್ಲ. ತುಂಬಿದ ಬಸ್ಸನ್ನು ಕಾಲು ಮತ್ತು ಕಿವಿ ನಂಬಿ ಇದೇ ಘಾಟಿ ಹತ್ತಿಸಿದವರು ಅವರು. ಆ ತಲೆಮಾರಿನ ಡ್ರೈವರುಗಳ ಕೈಚಳಕಕ್ಕೆ ಸಲ್ಲಬೇಕಾದ ಗೌರವ ಸಂದಿಲ್ಲ ಅಂತ ನನಗೆ ಆವತ್ತು ಬಲವಾಗಿ ಅನಿಸಿತು.

ಮರುದಿನ ಗ್ಯಾರೇಜಿಗೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಪಾನಾ ಮುಟ್ಟುವ ಮೊದಲು ಸೀಟಿನಲ್ಲಿ ಕೂತರು. ಎಂಜಿನ್ ಆಫ್ ಇಟ್ಟು ಒಂದರಿಂದ ಐದರವರೆಗೆ ಎಲ್ಲ ಗೇರ್ ಹಾಕಿದರು, ಸಲೀಸಾಗಿ ಬಿದ್ದವು. ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಒತ್ತಿ, ಸ್ವಲ್ಪ ಹೊತ್ತು ಕಾದು ರಿವರ್ಸ್ ಹಾಕಿದರು. ಸದ್ದು ಬರಲಿಲ್ಲ.

"ಕ್ಲಚ್ ಸರಿಯಾಗೇ ಬಿಡ್ತಾ ಇದೆ ಸಾರ್, ಒತ್ತಿದಾಗ ಎಂಜಿನ್ನಿಂದ ಗೇರ್‌ಬಾಕ್ಸ್ ಬೇರೆ ಆಗ್ತಾ ಇದೆ. ಅದು ಬಿಡದಿದ್ರೆ ರಿವರ್ಸ್ ಕಿರುಚ್ತಿತ್ತು, ಎಲ್ಲಾ ಗೇರೂ ಗಟ್ಟಿ ಆಗ್ತಿತ್ತು. ಒಂದೇ ಗೇರ್ ಅಂದ್ರೆ ಒಳಗಿನದ್ದೇ. ಗೇರ್‌ಬಾಕ್ಸ್ ಇಳಿಸ್ಬೇಕು."

ಈ ಎರಡು ನಿಮಿಷದ ಪರೀಕ್ಷೆಯೇ ಇಡೀ ರಿಪೇರಿಯಲ್ಲಿ ದೊಡ್ಡ ಕೆಲಸ ಅಂತ ನಾನು ಈಗಲೂ ನಂಬುತ್ತೇನೆ. ಕ್ಲಚ್ ದೋಷವನ್ನು ಗೇರ್‌ಬಾಕ್ಸಿನ ತಲೆಗೆ ಕಟ್ಟಿ, ಅಥವಾ ಅದರ ತದ್ವಿರುದ್ಧ ಮಾಡಿ, ಜನ ಸಾವಿರಗಟ್ಟಲೆ ಕಳೆದುಕೊಳ್ಳುತ್ತಾರೆ.

ಇಳಿಸುವ ಮೊದಲು ಗೇರ್ ಆಯಿಲ್ ತೆಗೆದರು. ಕಪ್ಪು ಆಯಿಲ್ ಬಾಣಲೆಗೆ ಇಳಿಯಿತು. ಡ್ರೈನ್ ಬೋಲ್ಟಿನ ತುದಿಯ ಮ್ಯಾಗ್ನೆಟ್ಟಿಗೆ ಬೂದು ಬಣ್ಣದ ಕಬ್ಬಿಣದ ಪುಡಿ ಮೆತ್ತಿಕೊಂಡಿತ್ತು. ಅದು ಸಹಜ ಸವೆತ ಎಂದರು. ಅವರು ನನ್ನನ್ನು ಹತ್ತಿರ ಕರೆದು ತೋರಿಸಿದ್ದು ಬೇರೆ. ಟಾರ್ಚ್ ಹಿಡಿದಾಗ ಆಯಿಲ್‌ನ ಮೇಲೆ ಚಿನ್ನದ ಬಣ್ಣದ ಸಣ್ಣ ಮಿನುಗು. ಹಿತ್ತಾಳೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ, ಆಯಿಲ್‌ನಲ್ಲೇ ತೇಲುತ್ತದೆ. ಇನ್ನೂ ಬಿಚ್ಚದ ಪೆಟ್ಟಿಗೆಯೊಳಗಿನ ಉಂಗುರ ಅಲ್ಲೇ ಸುಳಿವು ಕೊಟ್ಟಿತ್ತು.

ಬ್ಯಾಟರಿ, ಸ್ಟಾರ್ಟರ್, ಗೇರ್ ಲಿಂಕ್, ಎರಡೂ ಕಡೆಯ ಡ್ರೈವ್ ಶಾಫ್ಟ್ ಎಲ್ಲ ಬಿಚ್ಚಿ, ಎಂಜಿನ್ನಿಗೆ ಜಾಕಿ ಕೊಟ್ಟು ಗೇರ್‌ಬಾಕ್ಸ್ ಕೆಳಗಿಳಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಹಳೇ ಉಂಗುರವನ್ನು ಗೇರಿನ ಕೋನದ ಮೇಲೆ ಒತ್ತಿ ತಿರುಗಿಸಲು ನನ್ನ ಕೈಗೇ ಕೊಟ್ಟರು. ಎಷ್ಟು ಒತ್ತಿದರೂ ಜಾರಿ ಸುತ್ತುತ್ತಿತ್ತು. ಒಳಮೈಯಲ್ಲಿರಬೇಕಾದ ನವಿರಾದ ಗೀರುಗಳು ನಯವಾಗಿ ಹೋಗಿದ್ದವು. ಸಂಜೆ ಬಸ್ಸಿನ ಪಾರ್ಸೆಲ್‌ನಲ್ಲಿ ಮಂಗಳೂರಿಂದ ಹೊಸದು ಬಂತು. ಅದನ್ನು ಒತ್ತಿ ತಿರುಗಿಸಲು ನೋಡಿದರೆ ಗಪ್ಪನೆ ಕಚ್ಚಿಕೊಂಡಿತು, ಅಲುಗಾಡಲಿಲ್ಲ. ಗೇರಿನ ಪಕ್ಕದ ಸಣ್ಣ ಹಲ್ಲುಗಳ ಮೊನೆ ಸ್ವಲ್ಪ ಮೊಂಡಾಗಿದ್ದರೂ ಬದಲಿಸುವ ಹಂತಕ್ಕೆ ಬಂದಿರಲಿಲ್ಲ. ಕರಕರ ಅನ್ನಿಸುತ್ತಲೇ ಓಡಿಸುತ್ತಾ ಹೋಗಿದ್ದರೆ ಗೇರಿನ ಖರ್ಚೂ ಸೇರುತ್ತಿತ್ತು.

ಕ್ಲಚ್ ಪ್ಲೇಟ್ ಇನ್ನೂ ಕೆಲವು ತಿಂಗಳು ಬಾಳುವಂತಿತ್ತು. ಆದರೂ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಬದಲಿಸಿ ಎಂದೆ. ಸಾಮಾನಿನ ದುಡ್ಡು ಹೇಗೂ ಕೊಡಬೇಕಾದ್ದೇ. ಕ್ಲಚ್ ಬದಲಿಸಲೂ ಗೇರ್‌ಬಾಕ್ಸ್ ಇಳಿಸಲೇಬೇಕು, ಆ ಕೂಲಿಯನ್ನು ಎರಡು ಸಲ ಕೊಡುವುದರಲ್ಲಿ ಅರ್ಥವಿಲ್ಲ.

ಆಯಿಲ್ ವಿಷಯಕ್ಕೆ ಅವರು ತೋರಿಸಿದ ಕಾಳಜಿ ನನಗೆ ಬಹಳ ಹಿಡಿಸಿತು. ನಮ್ಮ ಕಾರಿನ ಕೈಪಿಡಿಯಲ್ಲಿರುವುದು 75ಡಬ್ಲ್ಯು-90 ಮಂದತೆಯ, ಜಿಎಲ್-4 ದರ್ಜೆಯ ಗೇರ್ ಆಯಿಲ್. ಅಂಗಡಿಯಲ್ಲಿ ಜಿಎಲ್-5 ಕೂಡ ಇತ್ತು. ನಂಬರ್ ದೊಡ್ಡದಾದ ಮಾತ್ರಕ್ಕೆ ಅದು ಮೇಲಲ್ಲ. ಜೀಪು, ಲಾರಿಗಳ ಹಿಂದಿನ ಆಕ್ಸಲ್‌ನಂಥ ಭಾರೀ ಒತ್ತಡದ ಗೇರುಗಳಿಗೆಂದು ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು ಸೇರಿಸಿರುತ್ತಾರೆ. ಅಂಥ ಕೆಲವು ಆಯಿಲ್‌ಗಳು ಹಿತ್ತಾಳೆಯನ್ನು ತಿನ್ನುತ್ತವೆ. ಉಜ್ಜಿ ಹಿಡಿಯಬೇಕಾದ ಉಂಗುರವನ್ನು ಅತಿಯಾಗಿ ಜಾರಿಸಲೂಬಹುದು. ಕಾರನ್ನು ಮಟ್ಟಸವಾದ ಜಾಗದಲ್ಲಿ ನಿಲ್ಲಿಸಿ, ಪಕ್ಕದ ರಂಧ್ರದಿಂದ ಆಯಿಲ್ ಹೊರಗೆ ತೊಟ್ಟಿಕ್ಕುವವರೆಗೆ ತುಂಬಿಸಿದರು. ಎರಡು ಲೀಟರಿನ ಆಸುಪಾಸು ಹಿಡಿಯಿತು. ಎಂಜಿನ್ ಆಯಿಲ್ ಅನ್ನು ತಪ್ಪದೆ ಬದಲಿಸುವ ನಮ್ಮ ಊರಿನಲ್ಲಿ ಗೇರ್ ಆಯಿಲ್ ಕೇಳುವವರೇ ಇಲ್ಲ. ಅದಕ್ಕೆ ಡಿಪ್‌ಸ್ಟಿಕ್ ಇಲ್ಲ, ಮೀಟರಿನಲ್ಲಿ ದೀಪವೂ ಇಲ್ಲ. ಸೀಲ್ ಸೋರಿ ಆಯಿಲ್ ಕಡಿಮೆಯಾದರೂ ಗೊತ್ತಾಗುವುದು ಸದ್ದು ಶುರುವಾದ ಮೇಲೆ.

ಮೊದಲ 500 ಕಿಲೋಮೀಟರ್ ಹೊಸ ಕ್ಲಚ್ಚನ್ನು ಉಪಾಯವಾಗಿ ಓಡಿಸಿ, ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಿಕೊಳ್ಳದೆ ಹ್ಯಾಂಡ್ ಬ್ರೇಕ್ ಎಳೆಯಿರಿ ಎಂದು ಹೇಳಿ ಕಳಿಸಿದರು.

ಅದಾದ ಮೇಲೆ ಪಕ್ಕದ ತೋಟದವರು ತಮ್ಮ ಹಳೇ ಕಾರಿನ ಗೇರ್ ಸರಿಯಾಗಿ ಬೀಳುವುದಿಲ್ಲ, ಗೇರ್‌ಬಾಕ್ಸೇ ಇಳಿಸಬೇಕಂತೆ ಎಂದು ಬೇಸರ ಮಾಡಿಕೊಂಡು ಬಂದರು. ಎಂಜಿನ್ ಆಫ್ ಮಾಡಿ ಗೇರ್ ಹಾಕಿ ನೋಡಿ ಎಂದೆ. ಆಫ್ ಇದ್ದಾಗ ಎಲ್ಲವೂ ಸಲೀಸು. ಸ್ಟಾರ್ಟ್ ಮಾಡಿದರೆ ಎಲ್ಲವೂ ಗಟ್ಟಿ, ರಿವರ್ಸ್ ಹಾಕಿದರೆ ಕಿರುಚಾಟ. ಅವರನ್ನು ಅದೇ ಗ್ಯಾರೇಜಿಗೆ ಕಳಿಸಿದೆ. ಕ್ಲಚ್ ಕೇಬಲ್ ಸಡಿಲವಾಗಿತ್ತು. ಬಿಗಿ ಮಾಡಿಸಿಕೊಂಡು ಅರ್ಧ ಗಂಟೆಯಲ್ಲಿ ಮನೆಗೆ ಹೋದರು.